ಅಳಿಯನ ಆಫೀಸ್ ಕೆಲಸ

ನಾಚಿಕೆ ಎನ್ನುವುದು ಸಾಮಾನ್ಯವಾಗಿ ಮನುಷ್ಯನಿಗೆ ತಾನು ಮಾಡಿದ್ದಕ್ಕೆ ಆಗುತ್ತದೆ. ನನ್ನದು ಮಾತ್ರ ಪರೋಪಕಾರಿ ನಾಚಿಕೆ. ಬೇರೆಯವರು ಮಾಡಿದ್ದಕ್ಕೆ ಅವರ ಪರವಾಗಿ ನಾನೇ ನಾಚಿಕೊಳ್ಳುತ್ತೇನೆ, ಅದರಲ್ಲೂ ಅವರು ಖುಷಿಯಾಗಿದ್ದರೆ ಇನ್ನಷ್ಟು. ಚಿಕ್ಕವನಿದ್ದಾಗ ವಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮಪ್ಪ ಧೋತರದ ಮೇಲೆ ಬಣ್ಣ ಸುರಿಸಿಕೊಳ್ಳುತ್ತ ಐಸ್‌ಕ್ಯಾಂಡಿ ಚೀಪಿದರೆ, ನಾನು ಯಾರದೋ ಮಗನಂತೆ ದೂರ ಹೋಗಿ ನಿಲ್ಲುತ್ತಿದ್ದೆ. ಸಿನಿಮಾ ನೋಡುವಾಗ ಹೆಂಡತಿ ಶಕುಂತಲಾ ಬಾಯಿ ತುಂಬ ನಕ್ಕರೆ, ನಾನು ಬಗ್ಗಿ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತೇನೆ. ಇಂಥ ನನಗೆ ದೇವರು ಹುಡುಕಿ ಹುಡುಕಿ ಕಂಪ್ಯೂಟರಿನಲ್ಲಿ ಆಟವಾಡುವ ಅಳಿಯನನ್ನು ಕೊಟ್ಟ.

ಅಳಿಯ ನವೀನ ತುಮಕೂರಿನ ಕಡೆಯವನು. ನಾವಿರುವ ಪುಣೆಯಲ್ಲೇ, ಹಡಪಸರದ ಒಂದು ಕಂಪನಿಯಲ್ಲಿ ಕೆಲಸ, ಅಲ್ಲೇ ಹತ್ತಿರದಲ್ಲಿ ಮನೆ. ಮೃದು ಮಾತಿನ ಹುಡುಗ. ಮಗಳು ಸುಮಾಳ ಮದುವೆ ಬೇಸಿಗೆಯಲ್ಲಿ ಆಗಿತ್ತು, ಮುಂದೆ ಬಂದದ್ದು ಮೊದಲ ದೀಪಾವಳಿ. ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಎಣ್ಣೆ ಹಚ್ಚಿ ನೀರೆರೆದು, ಮಣೆಯ ಮೇಲೆ ಕೂರಿಸಿ ಆರತಿ ಮಾಡಿ ಉಡುಗೊರೆ ಕೊಡುವುದು ನಮ್ಮಲ್ಲೂ ಉಂಟು, ಪುಣೆಯ ಮರಾಠಿಯವರಲ್ಲೂ ಉಂಟು. ಆದ್ದರಿಂದ ತಪ್ಪಿಸಿಕೊಳ್ಳಲು ಎರಡೂ ಕಡೆ ದಾರಿಯಿಲ್ಲ. ಉಂಗುರದ ಅಳತೆ ಕೇಳಲು ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ಇವರಿಗೆ ಉಂಗುರ ಬ್ಯಾಡಂತ. ಕಂಪ್ಯೂಟರ್ ಬೇಕಂತ. ಛಲೋ ಗ್ರಾಫಿಕ್ಸ್ ಕಾರ್ಡ್ ಇರೋದು."

"ಯಾತಕ್ಕ?"

"ಗೇಮ್ ಆಡ್ಲಿಕ್ಕೆ."

ಅಳಿಯನೇ ಫೋನ್ ತೆಗೆದುಕೊಂಡ. "ಮಾವ, ದೊಡ್ಡದೇನೂ ಬೇಡ. ಮಿಡ್ಲ್ ಬಜೆಟ್ ಸಾಕು, ಉಂಗುರಕ್ಕೆ ಅಂತ ಇಟ್ಟಿರೋದ್ರಲ್ಲೇ ಆಗೋಗುತ್ತೆ. ಬೇರೆ ಎಲ್ಲಾ ಅಂಗಡಿಯೋರೇ ಜೋಡಿಸ್ಲಿ, ಕಾರ್ಡ್ ಒಂದನ್ನ ಮಾತ್ರ ನಾನೇ ಹಾಕ್ತೀನಿ. ಅದ್ರಲ್ಲೇ ಇರೋದು ಮಜಾ." ಮೀಸೆ ಬಂದ ಗಂಡಸು, ಮದುವೆಯಾದವನು, ಮಾವನ ಎದುರಿಗೆ 'ಮಜಾ' ಎನ್ನುತ್ತಾನೆ! ಫೋನ್ ಇಟ್ಟಾಗ ನನ್ನ ಕಿವಿ ಬಿಸಿಯಾಗಿತ್ತು.

ಇದಕ್ಕಿಂತ ದೊಡ್ಡ ಚಿಂತೆ ನನ್ನ ಭಾವನವರದು. ಅಕ್ಕನ ಗಂಡ ಅವರು, ದೇಹೂ ರೋಡಿನಲ್ಲಿ ಮಿಲಿಟರಿ ಆಫೀಸೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರು. ಹಬ್ಬಕ್ಕೆ ಬರುವವರಿದ್ದರು. ಪ್ರತಿ ರವಿವಾರ ಗೆಳೆಯರೊಂದಿಗೆ ಇಸ್ಪೀಟಿಗೆ ಕೂತರೆ ಊಟದ ನೆನಪೂ ಇರದ ಮನುಷ್ಯ. ಅವರ ಪ್ರಕಾರ ಅದು ಆಟವಲ್ಲ, ಬುದ್ಧಿಗೆ ಸಾಣೆ. ಅಳಿಯನಿಗೆ ಏನು ಕೊಡುತ್ತೀರಿ ಎಂದು ಅವರು ಕೇಳಿದಾಗ ನಾನು, "ಕಂಪ್ಯೂಟರ್ ರೀ. ಮನ್ಯಾಗೂ ಆಫೀಸ್ ಕೆಲಸ ಭಾಳ ಇರ್ತದ ಅವರಿಗೆ" ಎಂದುಬಿಟ್ಟೆ. ಭಾವ ಅಳಿಯನನ್ನು ಬಹಳ ಹೊಗಳಿದರು. ನನಗೂ ಸಮಾಧಾನವಾಯಿತು.

ಲಕ್ಷ್ಮೀ ರಸ್ತೆಯ ಆಚೆಗಿನ ಗಲ್ಲಿಯಲ್ಲಿ ಕಂಪ್ಯೂಟರ್ ಅಂಗಡಿಗಳ ಸಾಲಿದೆ. ನಾನೂ ಶಕುಂತಲಾಳೂ ಹೋದೆವು. ಅಂಗಡಿಯ ತುಂಬ ಕಾಲೇಜು ಹುಡುಗರು. ಅಂಗಡಿಯವನು "ಕಾಕಾ, ಕಶಾಸಾಠಿ ಪಾಹಿಜೆ?" ಎಂದ. ಯಾತಕ್ಕೆ ಬೇಕು ಎಂಬ ಸರಳ ಪ್ರಶ್ನೆ. ಅಷ್ಟು ಹುಡುಗರ ನಡುವೆ ನನ್ನ ನಾಲಿಗೆ ಹೊರಳಲಿಲ್ಲ. "ಆಫೀಸ್ ಕೆಲಸಕ್ಕೆ. ಗ್ರಾಫಿಕ್ಸ್ ಕಾರ್ಡ್ ಇರಬೇಕು" ಎಂದು ಮರಾಠಿಯಲ್ಲಿ ಹೇಳಿದೆ. ಆಫೀಸ್ ಕೆಲಸಕ್ಕೆ ಕಾರ್ಡ್ ದಂಡ ಎಂದು ಅವನು ಅದನ್ನು ಪಟ್ಟಿಯಿಂದ ತೆಗೆದುಹಾಕಿದ. ಕಾರ್ಡ್ ಇಲ್ಲದಿದ್ದರೆ ದೊಡ್ಡ ಪವರ್ ಸಪ್ಲೈ ಯಾಕೆ ಎಂದು ಅದನ್ನೂ ಇಳಿಸಿದ. ರ್‍ಯಾಮ್ ಅರ್ಧ ಸಾಕು ಎಂದ. ನಾನು, "ಸ್ವಲ್ಪ ಭಾರೀ ಆಫೀಸ್ ಕೆಲಸ" ಎಂದು ನೋಡಿದೆ. ಅವನು ಪ್ರಾಮಾಣಿಕ ವ್ಯಾಪಾರಿ, ಪ್ರಿಂಟರ್ ತೆಗೆದುಕೊಳ್ಳಿ ಎಂದ. ಕಣ್ಣೆದುರೇ ಅಳಿಯನ ದೀಪಾವಳಿ ಕರಗುತ್ತಿತ್ತು.

ಆಗ ಶಕುಂತಲಾ, ತರಕಾರಿ ಮಾರುಕಟ್ಟೆಯಲ್ಲಿ ಬಳಸುವ ಅದೇ ಗಂಟಲಿನಿಂದ, "ಅಹೋ, ಜಾವಯಾಲಾ ಗೇಮ್ ಖೇಳಾಯಚಾ ಆಹೆ!" ಎಂದಳು. ಅಳಿಯ ಆಟವಾಡಬೇಕಂತೆ ಎಂಬ ಸುದ್ದಿ ಗಲ್ಲಿಯ ಕೊನೆಯವರೆಗೂ ಮುಟ್ಟಿರಬೇಕು. ಹುಡುಗರೆಲ್ಲ ತಿರುಗಿ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಕೇಬಲ್ಲುಗಳನ್ನು ಅಧ್ಯಯನ ಮಾಡತೊಡಗಿದೆ. ಅವಳು ಕನ್ನಡಕ್ಕೆ ತಿರುಗಿ ನನ್ನನ್ನು ತರಾಟೆಗೆ ತೆಗೆದುಕೊಂಡಳು: "ಹೇಳ್ಲಿಕ್ಕೆ ಏನು ನಾಚಿಕಿ ನಿಮಗ? ಅಂವಾ ಕುಡೀತಾನೇನು? ಆಟಾ ಆಡ್ತಾನ, ಅಷ್ಟ."

ಅಂಗಡಿಯವನ ಮುಖ ಅರಳಿಹೋಗಿತ್ತು. ಮೊದಲೇ ಹೇಳಬಾರದೇ ಎಂದು ಮೂರು ಕಾರ್ಡುಗಳನ್ನು ಮುಂದಿಟ್ಟ. ಮೂರು ಇಟ್ಟರೆ ನಡುವಿನದನ್ನು ಎತ್ತುವುದು ನಮ್ಮ ಮನೆತನದ ಪದ್ಧತಿ. ಅಗ್ಗದ್ದು ತೆಗೆದುಕೊಂಡರೆ ಜನ ಏನೆಂದಾರು, ದುಬಾರಿಯದಾದರೆ ನಾವೇ ಏನೆಂದುಕೊಂಡೇವು. ಶಕುಂತಲಾ ಸ್ಟೀಲ್ ಪಾತ್ರೆ ಕೊಳ್ಳುವಾಗಿನಂತೆ ಕೈಯಲ್ಲಿ ತೂಗಿ ನೋಡಿ, ನಡುವಿನದೇ ಹೆಚ್ಚು ಭಾರವಿದೆ ಎಂದು ಒಪ್ಪಿದಳು. ಆಮೇಲೆ ಅಂಗಡಿಯವನು ಜಾತಕ ಕೂಡಿಸಲು ಕೂತ. ಈ ಕಾರ್ಡಿಗೆ ಈ ಮದರ್‌ಬೋರ್ಡೇ ಆಗಬೇಕು, ಹಳೆಯದರಲ್ಲಿ ಕಾರ್ಡ್ ಕೂರುವ ಕಿಂಡಿ ಬೇರೆ. ಇದರ ಹೊಟ್ಟೆ ದೊಡ್ಡದು, ಪವರ್ ಸಪ್ಲೈ ಗಟ್ಟಿಮುಟ್ಟಾಗಿರಬೇಕು. ಇದು ಉದ್ದ, ಎಲ್ಲವೂ ಕೂರುವ ಡಬ್ಬಿ ಅಗಲವಿರಬೇಕು. ಮಗಳ ಮದುವೆಯಲ್ಲಿ ನಾನು ಇಷ್ಟೆಲ್ಲ ವಿಚಾರಿಸಿರಲಿಲ್ಲ.

ಹಬ್ಬದ ದಿನ ಡಬ್ಬಿ, ಮಾನಿಟರ್ ಎಲ್ಲ ಹೊರಗಿನ ಕೋಣೆಯಲ್ಲಿ ಸಿದ್ಧವಾಗಿದ್ದವು. ಕಾರ್ಡನ್ನು ಮಾತ್ರ ಶಕುಂತಲಾ ಬೆಳ್ಳಿಯ ಹರಿವಾಣದಲ್ಲಿ ಕೊಟ್ಟಳು. ಮುಚ್ಚಿದ ರಟ್ಟಿನ ಪೆಟ್ಟಿಗೆ ಕೊಟ್ಟರೆ ನೋಡುವವರಿಗೆ ಏನು ತಿಳಿಯಬೇಕು ಎಂದು ಅವಳೇ ಮುಂಜಾನೆ ಅದನ್ನು ಬಿಚ್ಚಿದ್ದಳು. ಹೊಸ ಬಟ್ಟೆ ಕೊಡುವ ಮೊದಲು ಅಂಚಿಗೆ ಅರಿಷಿಣ ಕುಂಕುಮ ಹಚ್ಚುವುದು ನಮ್ಮ ಪದ್ಧತಿಯಲ್ಲವೇ? ಆ ಕಾರ್ಡಿಗೂ ಕೆಳಗೆ ಜರಿಯಂತೆ ಬಂಗಾರದ ಬಣ್ಣದ ಒಂದು ಅಂಚಿತ್ತು. ಹಚ್ಚುವುದಕ್ಕೆ ಇದೇ ಜಾಗ ಎಂದು ಅವಳು ಅಲ್ಲೇ ಹಚ್ಚಿದಳು. ನಾನೂ ಪಕ್ಕದಲ್ಲಿದ್ದೆ. ಜರಿ ಅಂಚು ಚಂದ ಕಾಣುತ್ತದೆ ಎಂದು ಹೇಳಿದವನು ನಾನೇ.

ನವೀನ ಅದನ್ನು ಕೈಗೆತ್ತಿಕೊಂಡು ಅಂಚನ್ನು ನೋಡಿದ. ಅತ್ತೆಯ ಮುಖ ನೋಡಿದ. ಕಿಂಡಿಯೊಳಗೆ ತಾಗಬೇಕಾದ್ದು ಆ ಅಂಚೇ; ಆದರೂ ಅವರ ಎದುರಿಗೆ ಕುಂಕುಮ ಒರೆಸುವುದು ಹೇಗೆ ಅನ್ನಿಸಿರಬೇಕು, ಹಾಗೆಯೇ ಒಳಗೆ ಕೂರಿಸಿಬಿಟ್ಟ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ದೀಪ ಹತ್ತಿತು, ಚಿತ್ರ ಬರಲಿಲ್ಲ. ಭಾವ ಮುಂದೆ ಬಗ್ಗಿ, "ಯಾಕ್ರಿ ಇದು, ಹೊಸಾದು ಕಣ್ಣ ಬಿಡವಲ್ತು?" ಎಂದರು. ಶಕುಂತಲಾಳ ಮುಖ ಸಣ್ಣದಾಯಿತು.

"ನಂದೇ ಮಿಸ್ಟೇಕ್ ದೊಡ್ಡಪ್ಪ, ಸರಿಯಾಗಿ ಕೂರಿಸ್ಲಿಲ್ಲ" ಎಂದ ನವೀನ.

ಇಲ್ಲಿ ನಾನು ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಭಾವನವರ ಎದುರಿಗೆ ನಮ್ಮ ಮನೆಯ ಮಾನ ಉಳಿದ ಸಂತೋಷದಲ್ಲಿ, "ಈಗಿನ ಹುಡುಗರಿಗೆ ಎಲ್ಲಾದಕ್ಕೂ ಗಡಿಬಿಡಿ ರೀ" ಎಂದು ಸೇರಿಸಿದೆ. ಅಳಿಯ ನನ್ನನ್ನೊಮ್ಮೆ ನೋಡಿ, ಕಾರ್ಡನ್ನು ಮೂಲೆಗೆ ಒಯ್ದು, ಸುಮಾಳ ಹಳೆಯ ಕಂಪಾಸ್ ಪೆಟ್ಟಿಗೆಯಲ್ಲಿದ್ದ ರಬ್ಬರಿನಿಂದ ಮೆಲ್ಲಗೆ ಅಂಚನ್ನು ಉಜ್ಜಿ ತಂದ. ಈಗ ಚಿತ್ರ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಚೀಲದಿಂದ ಆಟದ ಸಿ.ಡಿ. ತೆಗೆಯುವುದಕ್ಕೂ, ಭಾವ ಕುರ್ಚಿ ಎಳೆದುಕೊಂಡು, "ಹೂಂ, ತೋರ್ಸ್ರಿ ನಿಮ್ಮ ಆಫೀಸ್ ಕೆಲಸಾ. ನಿಮ್ಮ ಮಾವ ಭಾಳ ಹೇಳ್ಯಾರ" ಎನ್ನುವುದಕ್ಕೂ ಸರಿಹೋಯಿತು.

ನವೀನ ನನ್ನ ಕಡೆ ತಿರುಗಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಪಾಡ್ಯ ಯಾವಾಗ ಎಂದು ಹುಡುಕಿದೆ. ಸಿ.ಡಿ. ಚೀಲಕ್ಕೆ ಮರಳಿತು. ಪರದೆಯ ಮೇಲೆ ಲೆಕ್ಕ ಬರೆಯುವ ಚೌಕುಳಿಗಳ ಹಾಳೆ ಬಂತು. ಭಾವನವರಿಗೆ ತಮ್ಮ ಯೌವನವೇ ಮರಳಿ ಬಂದಂತಾಗಿ, ಹಬ್ಬ ಮುಗಿಯುವವರೆಗೂ ಆ ಹುಡುಗನ ಪಕ್ಕ ಬಿಟ್ಟೇಳದೆ ಕೂಡಿಸುವುದು ಕಳೆಯುವುದನ್ನು ಕಲಿಸಿದರು. ಹೊರಗೆ ಪಟಾಕಿ ಹಾರುತ್ತಿದ್ದವು. ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದ ಅಳಿಯನಿಂದ ನಾನು ದೀಪಾವಳಿಯ ರಜೆಯಲ್ಲಿ ಗುಮಾಸ್ತಗಿರಿ ಮಾಡಿಸಿದೆ. ಒಂದೇ ಒಂದು ಮಾತು ಸಾಕಿತ್ತು: 'ಭಾವ, ಇದು ಆಟಕ್ಕ ಕೊಡಿಸಿದ್ದು.' ಅವನು ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ ಎಂಬುದು ನನ್ನನ್ನು ಇನ್ನಷ್ಟು ಹಿಂಡಿತು.

ಮನಸ್ಸು ತಡೆಯದೆ ಕೆಲವು ವಾರಗಳ ನಂತರ ಚಕ್ಕುಲಿಯ ಡಬ್ಬ ಹಿಡಿದು ಹಡಪಸರಕ್ಕೆ ಹೋದೆ. ಬಾಗಿಲಲ್ಲೇ ಒಳಗಿನಿಂದ ಕಾರುಗಳ ಭರ್ರೋ ಸದ್ದು, ನಡುವೆ ನವೀನನ ಕೇಕೆ. ಅಂಥ ಖುಷಿಯ ದನಿಯನ್ನು ಅವನ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. "ಸುಮಾ" ಎಂದು ಕರೆದೆ. ಒಳಗೆ ಸದ್ದು ಗಕ್ಕನೆ ನಿಂತಿತು. ಹೋಗಿ ನೋಡಿದರೆ ಅಳಿಯ ಬೆನ್ನು ನೆಟ್ಟಗೆ ಮಾಡಿಕೊಂಡು ಖಾಲಿ ಚೌಕುಳಿ ಹಾಳೆಯ ಮುಂದೆ ಕೂತಿದ್ದ. ತನ್ನ ಮನೆಯಲ್ಲಿ, ತನ್ನ ಉಡುಗೊರೆಯ ಮುಂದೆ, ನನಗೆ ಹೆದರಿ.

'ಆಡ್ರಿ, ನಾನೂ ನೋಡ್ತೀನಿ' ಎನ್ನಬೇಕೆಂದೇ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು, "ಏನ್ರಿ, ರವಿವಾರನೂ ಕೆಲಸ ಜೋರದ?"

"ಹೌದು ಮಾವ, ಸ್ವಲ್ಪ ಜಾಸ್ತೀನೇ ಇದೆ" ಎಂದು ಅವನು ಒಂದು ಚೌಕದಲ್ಲಿ ಯಾವುದೋ ಅಂಕಿ ಬರೆದ.

ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಇನ್ನೇನು ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತ ಎರಡನೆಯ ಚಹಾ ಕುಡಿದೆ. ಅವನು ಅಂಕಿ ಬರೆಯುತ್ತಲೇ ಇದ್ದ. ಕಡೆಗೆ ಸುಮಾ ಒಳಗಿನಿಂದ ಬಂದು ಖಾಲಿಯಾದ ಚಕ್ಕುಲಿ ಡಬ್ಬವನ್ನು ನನ್ನ ಕೈಯಲ್ಲಿಟ್ಟಳು.

"ಅಪ್ಪಾ, ನೀ ಇನ್ನ ಹೊರಡು. ಇವರಿಗೆ ಆಫೀಸ್ ಕೆಲಸ ಭಾಳ ಅದ."