ನಮ್ಮ ಜೀಪಿನ ಮಡಿಸ್ನಾನ

"ಇವತ್ತಿನಿಂದ ಈ ಜೀಪಿನ ಒಂದು ನಟ್ಟು ತಿರುವಬೇಕಂದ್ರೂ ಈ ಗುರುಪ್ರಸನ್ನನ ಕೈನ ಬೇಕು! ಇನ್ನೊಬ್ಬರು ಮುಟ್ಟಂಗಿಲ್ಲ!"

ಹಿಂಗಂತ ನಾ ರಾಯಚೂರಿನ ನಮ್ಮ ಮನಿ ಅಂಗಳದಾಗ ಘೋಷಣಾ ಮಾಡಿಬಿಟ್ಟೆ. ಕೇಳಿದವರು ಇಬ್ಬರ: ಹೆಂಡ್ತಿ ಪೂರ್ಣಶ್ರೀ, ಮತ್ತ ಹನ್ನೆರಡು ವರ್ಷದಿಂದ ಆ ಜೀಪಿನ ಜೀವಾ ಹಿಡಕೊಂಡು ಬಂದ ಮೆಕ್ಯಾನಿಕ್ ಗುಲಾಮ್ ರಸೂಲ್. ದೇವದುರ್ಗದ ಹರಾಜಿನಾಗ ತಗೊಂಡ ೧೯೮೪ರ ಪೆಟ್ರೋಲ್ ಜೀಪ್ ಅದು. ಹೊಲ, ಹಳ್ಳ, ಕೆಸರು, ಕಲ್ಲು, ಎಲ್ಲಿ ಬೇಕಾದಲ್ಲಿ ಹೋಗತದ. ಡಾಂಬರ್ ರಸ್ತಾದಾಗ ಮಾತ್ರ ತನಗ ಮನಸ್ಸಾದರ ಹೋಗತದ. ನಾನರೆ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ವಿದ್ಯುತ್ ಪಾಠ ಇಪ್ಪತ್ತೆರಡು ವರ್ಷ ಮಾಡೀನಿ. ನನಗ ಒಂದು ಜೀಪ್ ಯಾವ ಲೆಕ್ಕ!

ಗುಲಾಮ್ ರಸೂಲ್ ನಟ್ಟು ತಿರುವೋ ತನ್ನ ಪಾನಾ ಒರಸಿ ಚೀಲದಾಗ ಇಟಗೊಂಡ. "ಆತ್ರಿ ಸರ್. ಒಂದಾ ಮಾತು ಹೇಳಿ ಹೋಗತೀನಿ. ಬಾನೆಟ್ ಒಳಗ ನೀರು ಮಾತ್ರ ಬಿಡಬ್ಯಾಡ್ರಿ."

"ಅಷ್ಟೂ ತಿಳೀದಂವ ಅದೀನೇನು ನಾ?" ಅಂದೆ.

ಎರಡು ರವಿವಾರ ಜೀಪಿನ ಹೊಟ್ಟಿ ಬಗದು ಅಂಗಳದ ತುಂಬ ಹರವಿದೆ. ತೊಳದೆ, ಉಜ್ಜಿದೆ, ಮತ್ತ ಜೋಡಿಸಿದೆ. ಕಡೀಕ ಒಂದು ಕರೀ ರಬ್ಬರ್ ಟೊಪ್ಪಿಗಿ ಉಳೀತು.

"ಇದೆಲ್ಲೀದ್ರೀ?" ಅಂದಳು ಪೂರ್ಣಶ್ರೀ.

"ಜೀಪಿಗೆ ಹೆಚ್ಚಾಗಿತ್ತು, ತಗದೆ!"

"ಹಂಗಾದ್ರ ಕೊಡ್ರಿ, ನಮ್ಮ ಅಡಗಿಮನಿ ಒಳ್ಳೆಣ್ಣಿ ಬಾಟ್ಲಿಗೆ ಮುಚ್ಚಳ ಇಲ್ಲ."

ಜೀಪ್ ಒಂದಾ ಸಲಕ್ಕ ಚಾಲೂ ಆತು! ಓಣಿ ತುಂಬ ಮೂರು ಸುತ್ತು ಹೊಡದೆ. ಇಲ್ಲಿಗೇ ಸುಮ್ಮನಿದ್ದಿದ್ರ ಈ ಕಥಿನ ಇರತಿರಲಿಲ್ಲ.

ನಮ್ಮ ಅತ್ತಿಯವರು ತುಳಸಿಬಾಯಿ ನಮ್ಮ ಮನ್ಯಾಗ ಇರತಾರ. ಎಪ್ಪತ್ತಾರು ವರ್ಷ. ಏಕಾದಶಿ ಅಂದ್ರ ಹನಿ ನೀರು ಸುದ್ದಾ ಇಲ್ಲ, ಮರುದಿನ ದ್ವಾದಶಿ ಪಾರಣಿ ಮಾಡಿ ಉಪವಾಸ ಬಿಡೋತನಕ ಮಾತೂ ಇಲ್ಲ. ಅವರ ತಮ್ಮ ಅಕ್ಷೋಭ್ಯಾಚಾರ್ಯರು ಕಲ್ಲೂರಾಗ. ಅಪ್ಪನ ದೇವರ ಪೆಟ್ಟಿಗಿ ಯಾರ ಮನ್ಯಾಗ ಇರಬೇಕು ಅಂತ ಅಕ್ಕ-ತಮ್ಮ ಜಗಳಾಡಿ ಹನ್ನೊಂದು ವರ್ಷ ಮುಖಾ ನೋಡಿರಲಿಲ್ಲ. ಈ ಸಲ ಅವರೇ ಫೋನ್ ಮಾಡಿದರು: "ಅಕ್ಕಾ, ಈ ದ್ವಾದಶಿ ಪಾರಣಿ ನಮ್ಮಪ್ಪನ ದೇವರ ಮುಂದ ಮಾಡು. ನೀ ಬರೋತನಕ ನಾನೂ ಬಾಯಾಗ ನೀರು ಹಾಕಂಗಿಲ್ಲ."

ಅತ್ತಿಯವರ ಕಣ್ಣಾಗ ನೀರು ಬಂತು. ಪಂಚಾಂಗ ನೋಡಿದರ ಪಾರಣಿ ಮುಂಜಾನೆ ಏಳೂ ಐವತ್ತರ ಒಳಗ ಆಗಬೇಕು.

"ಬಾಡಿಗಿ ಕಾರ್ ಹೇಳೋಣ್ರೀ," ಅಂದಳು ಪೂರ್ಣಶ್ರೀ.

"ಮನ್ಯಾಗ ಜೀಪ್ ಇಟಗೊಂಡು ಬಾಡಿಗಿ ಕಾರಾ? ಏಳಕ್ಕ ಕಲ್ಲೂರಾಗ ಇಳಸತೀನಿ!"

ಅತ್ತಿಯವರು ಕೇಳಿದ್ದು ಇಷ್ಟ: "ಸೀಟಿನ ಮ್ಯಾಲೆ ನನ್ನ ಉಣ್ಣೀ ಧಾಬಳಿ ಹಾಸ್ರಿ ಅಳಿಯಂದ್ರ, ಅದರ ಮ್ಯಾಲೆ ಕೂತರ ಮಡಿ ಕೆಡಂಗಿಲ್ಲ."

ಅಷ್ಟಕ್ಕ ನಿಲ್ಲೋ ಅಳಿಯ ನಾನಲ್ಲ! ಅತ್ತಿಯವರು ಮಡಿ ಅಂದಮ್ಯಾಲೆ ಜೀಪೂ ಮಡಿ ಆಗಬೇಕು, ಡ್ರೈವರೂ ಮಡಿ ಆಗಬೇಕು. ದ್ವಾದಶಿ ದಿನ ಬೆಳಗ್ಗೆ ಐದಕ್ಕ ಎದ್ದು ಜೀಪಿನ ಮೈಮ್ಯಾಲೆ ಹನ್ನೆರಡು ಕೊಡ ಸುರವಿದೆ. ಬಾನೆಟ್ ಮುಚ್ಚೇ ಇತ್ತು ಮತ್ತ, ಗುಲಾಮ್ ರಸೂಲ್ ಮಾತು ಅಲ್ಲೀತನಕ ನೆನಪಿತ್ತು. ಆಮ್ಯಾಲೆ ನಾನೂ ಒದ್ದಿ ಪಂಚಿ ಉಟಗೊಂಡು ಸ್ಟೇರಿಂಗ್ ಹಿಡದೆ.

ಆರೂ ಇಪ್ಪತ್ತಕ್ಕ ಹೊಂಟ್ವಿ. ಹಿಂದ ಅತ್ತಿಯವರು ಧಾಬಳಿ ಮ್ಯಾಲೆ ಕೂತು ಕಣ್ಣು ಮುಚ್ಚಿ ಜಪ ನಡಸಿದ್ದರು. ಕಲಮಲಾ ದಾಟಿ ಸ್ವಲ್ಪ ಮುಂದ ಹೋಗೋದ್ರಾಗ ರಸ್ತಾದ ತುಂಬ ಕುರಿ! ಇನ್ನೂರರೆ ಇರಬೇಕು. ಬ್ರೇಕ್ ಒತ್ತಿದೆ. ಹಿಡೀತು!

"ನೋಡಿದ್ಯಾ? ನಾ ರಿಪೇರಿ ಮಾಡಿದ ಬ್ರೇಕ್!"

"ಮುಂದ ನೋಡ್ರೀ!" ಅಂತ ಚೀರಿದಳು ಪೂರ್ಣಶ್ರೀ.

ಹಿಂದ ಲಾರಿಯಂವ ಹಾರ್ನ್ ಹೊಡದ. ಕುರಿ ಬೆದರಿದವು. ಒಂದು ದೊಡ್ಡ ಟಗರು ಟಣ್ಣಂತ ಜಿಗದು ನಮ್ಮ ಬಾನೆಟ್ ಮ್ಯಾಲೆ ನಿಂತು ನನ್ನ ಮುಖಾ ನೋಡಿತು. ನೋಡಿದ್ದಷ್ಟ ಅಲ್ಲ, ಇಳಿಯೋ ಮೊದಲು ಮಾಡಬಾರದ್ದನ್ನೂ ಮಾಡಿತು.

ನಾ ಹಣಿ ಬಡಕೊಂಡೆ. "ಮೈಲಿಗಿ ಆತಲ್ಲೇ ಪೂರ್ಣಾ!"

"ಒರಸಿ ನಡೀರಿ. ಹೊತ್ತಾಗತದ."

ಕೇಳಬೇಕಲ್ಲ ನಾ! ಮುಂದ ಕಾಲುವಿ ಹತ್ರ ನಿಲ್ಲಿಸಿ, ಜೀಪಿನಾಗ ಇಟಗೊಂಡಿದ್ದ ಕೊಡಾ ತುಂಬಿಕೊಂಡು ಬಂದೆ. ಟಗರಿನ ಪ್ರಸಾದ ಬಾನೆಟ್ ಸಂದಿ ಒಳಗೂ ಇಳದಿತ್ತು. ಮಡಿ ಅಂದಮ್ಯಾಲೆ ಹೊರಗೊಂದು, ಒಳಗೊಂದು ಇರಬಾರದು. ಬಾನೆಟ್ ಎತ್ತಿದೆ.

"ಎಂಜಿನ್ನಿಗ್ಯಾಕ್ರೀ ನೀರು? ಅಂವ ಬ್ಯಾಡಂದಿದ್ದ!" ಅಂತ ನನ್ನ ಕೈ ಹಿಡದಳು ಪೂರ್ಣಶ್ರೀ.

ಹಿಂದ ಅತ್ತಿಯವರು ಕಣ್ಣು ತಗದು ಜೋರಾಗಿ ಕೈ ಆಡಿಸಿದರು. "ನೋಡು, ಇನ್ನೂ ಹಾಕು ಅನ್ನಲಿಕತ್ತಾರ!" ಅಂತ ಐದು ಕೊಡ ಸುರವಿದೆ. ಪೂರ್ಣಶ್ರೀ ಸೀರಿನೂ ಪೂರಾ ತೊಯ್ತು. ಎಂಜಿನ್ ಸುಂಯ್ ಅಂತ ಹೊಗಿ ಬಿಟ್ಟಿತು.

ಕೀಲಿ ತಿರುವಿದೆ. ಗುರ್ ಗುರ್ ಗುರ್. ಮತ್ತ ತಿರುವಿದೆ. ಗುರ್. ನಾಕನೇ ಸಲನೂ ಅಷ್ಟ.

ಟೈಮ್ ಏಳಕ್ಕ ಐದು ಕಮ್ಮಿ. ಹೋಗೋ ಬಸ್ ತುಂಬಿ ತುಳಕಲಿಕತ್ತಿತ್ತು, ನಿಲ್ಲಲಿಲ್ಲ. ಅತ್ತಿಯವರ ತುಟಿ ಒಣಗಿ ಬಿಳೀ ಆಗಿದ್ದವು. ಪೂರ್ಣಶ್ರೀ ಕಲ್ಲೂರಿಗೆ ಮ್ಯಾಲಿಂದ ಮ್ಯಾಲೆ ಫೋನ್ ಮಾಡಿದಳು. ಎತ್ತವರ್‍ಯಾರು? ಅಕಿ ಸೋದರಮಾವನೂ ಮಡ್ಯಾಗ, ಫೋನ್ ಮುಟ್ಟಂಗಿಲ್ಲ!

"ಈ ಸಲಾನೂ ಅಕ್ಕ ಬರಲಿಲ್ಲ ಅನಕೋತಾರ," ಅಂದಳು. ಅಕಿ ದನಿ ಒಡೀತು. "ನಮ್ಮಮ್ಮ ಇಲ್ಲೇ ಬಿದ್ದರ ಏನ್ ಮಾಡತೀರಿ?"

ನನಗ ಖರೇನ ಹೆದರಿಕಿ ಆತು. ಅಪರಾಧಾನೂ ನಂದ. ಗುಲಾಮ್ ರಸೂಲ್‌ಗ ಫೋನ್ ಹಚ್ಚಿದೆ.

"ಸಲಾಂ ಸರ್. ನೀರು ಬಿಟ್ರೇನ್ರಿ?" ಅಂದ. ಹಲೋ ಸುದ್ದಾ ಅಂದಿರಲಿಲ್ಲ ನಾ!

ಏಳೂ ಇಪ್ಪತ್ತೈದಕ್ಕ ಬೈಕ್ ಬಂತು. ಹತ್ತು ಹೆಜ್ಜಿ ದೂರ ನಿಂತ ಗುಲಾಮ್ ರಸೂಲ್. "ಯವ್ವಾರು ಮಡ್ಯಾಗ ಅದಾರ, ನಾ ಇಲ್ಲೇ ನಿಂದರತೀನ್ರಿ. ನೀವಾ ಆ ಕ್ಯಾಪ್ ಬಿಚ್ಚಿ ಒರಸ್ರಿ."

ನಾ ಶೂರನಂಗ ಮುಂದಿನ ದೊಡ್ಡ ಮುಚ್ಚಳಕ್ಕ ಕೈ ಹಾಕಿದೆ.

"ಯಾ ಅಲ್ಲಾ! ಅದು ರೇಡಿಯೇಟರ್ ರೀ! ಮಾರಿ ಸುಡತದ, ಬಿಡ್ರಿ!"

ಅತ್ತಿಯವರು ಒಂದು ಕೈಲೆ ಗುಲಾಮ್ ರಸೂಲ್‌ನ ಹತ್ರ ಬಾ ಅಂದರು. ಇನ್ನೊಂದು ಕೈಲೆ ನನಗ ದೂರ ಸರಿ ಅಂದರು. ಈ ಸಲ ಆ ಕೈ ಅರ್ಥ ಆಗದ ಇರಲಿಲ್ಲ.

ಅಂವ ಓಡಿ ಬಂದು ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದ. ಎಲ್ಲಾ ಪ್ಲಗ್ಗಿಗೂ ಕರೆಂಟ್ ಹಂಚೋದು ಅದ ಅಂತ. ಅದರೊಳಗ ಅರ್ಧ ಚಮಚಾ ಕಾಲುವಿ ನೀರು. "ಇದರ ಮ್ಯಾಲೆ ಒಂದು ರಬ್ಬರ್ ಟೊಪ್ಪಿಗಿ ಇತ್ತಲ್ರಿ ಸರ್?"

"ಒಳ್ಳೆಣ್ಣಿ ಬಾಟ್ಲಿ ಮ್ಯಾಲೆ ಅದ," ಅಂದಳು ಪೂರ್ಣಶ್ರೀ, ನನ್ನ ಕಡೆ ನೋಡಲಾರದ.

"ಒಣಾ ಬಟ್ಟಿ ಕೊಡ್ರಿ ಜಲ್ದಿ. ನನ್ನ ಮೈಮ್ಯಾಲಿಂದೆಲ್ಲಾ ಎಣ್ಣಿ ಆಗೇದ."

ಒಣಾ ಬಟ್ಟಿ ಎಲ್ಲಿಂದ ಬರಬೇಕು? ನನ್ನ ಪಂಚಿ ಒದ್ದಿ, ಅಕಿ ಸೀರಿ ಒದ್ದಿ. ಏಳೂ ಇಪ್ಪತ್ತೊಂಬತ್ತು. ಅತ್ತಿಯವರು ಮೆಲ್ಲಕ ಎದ್ದು ತಾವು ಕೂತಿದ್ದ ಧಾಬಳಿ ಎಳದು ಗುಲಾಮ್ ರಸೂಲ್ ಕೈಯಾಗ ಇಟ್ಟರು.

"ಯವ್ವಾ, ಪೂಜಾದ ಬಟ್ಟಿ..."

ಅವರು ಬರೇ ಜೀಪಿನ ಕಡೆ ಬೆರಳು ತೋರಿಸಿದರು. ಅಂವ ಕಣ್ಣಿಗೆ ಒತ್ತಿಕೊಂಡು ಒರಸಿದ, ಊದಿದ, ಮುಚ್ಚಳ ಹಾಕಿದ. ಕೀಲಿ ತಿರುವಿದ. ಜೀಪ್ ಗುಡುಗಿತು!

ನಾ ಗಡಬಡಿಸಿ ಹತ್ತಲಿಕ್ಕೆ ಹೋದೆ. "ನೀವು ನನ್ನ ಬೈಕ್ ತಗೊಂಡು ಬರ್ರಿ ಸರ್," ಅಂದು ಗೇರ್ ಹಾಕೇಬಿಟ್ಟ. ಒದ್ದಿ ಪಂಚಿ ಪಟಪಟ ಹಾರಿಸಿಕೋತ, ನನ್ನ ಜೀಪಿನ ಧೂಳ ನಾನಾ ಕುಡಕೋತ ಕಲ್ಲೂರು ಸೇರಿದೆ.

ಏಳೂ ನಾಲ್ವತ್ತಾರು! ಅತ್ತಿಯವರು ಬಾವಿಕಟ್ಟಿ ಹತ್ರ ತಲಿಮ್ಯಾಲೆ ಎರಡು ಬಿಂದಿಗಿ ಸುರವಿಕೊಂಡು ಒಳಗ ಹೋದರು. ಅಕ್ಷೋಭ್ಯಾಚಾರ್ಯರು ಬಾಗಲಾಗ ನಿಂತಿದ್ದವರು, ಅಕ್ಕನ್ನ ನೋಡಿ ಸಣ್ಣ ಹುಡುಗನಂಗ ಅತ್ತುಬಿಟ್ಟರು. ಅಪ್ಪನ ಪೆಟ್ಟಿಗಿ ಮುಂದ ಇಬ್ಬರೂ ತೀರ್ಥ ತಗೊಂಡಾಗ ಏಳೂ ನಾಲ್ವತ್ತೊಂಬತ್ತು.

ಅಗಸಿ ತಪ್ಪಲ ಪಲ್ಯಾ, ನೆಲ್ಲಿಕಾಯಿ ತಂಬುಳಿ ಊಟ ಆತು. ಹೊಟ್ಟಿ ತುಂಬಿತು ನೋಡ್ರಿ, ನನ್ನ ನಾಲಿಗಿ ಮತ್ತ ಉದ್ದ ಆತು.

"ಏನಾ ಅನ್ರಿ ಅತ್ತಿಯವರ, ನಾ ಎರಡನೇ ಸಲ ತೊಳದಿದ್ದು ಚೊಲೋ ಆತು. ಕುರಿ ಮುಟ್ಟಿದ ಜೀಪಿನಾಗ ಬಂದಿದ್ರ ನಿಮ್ಮ ಮಡಿ ಏನಾಗಬೇಕಿತ್ತು!"

ಅತ್ತಿಯವರು ಕೈ ತೊಳಕೊಂಡರು. ಬೆಳಗಿನಿಂದ ಮೊದಲನೇ ಸಲ ನನ್ನ ಜೋಡಿ ಬಾಯಿ ಬಿಟ್ಟರು.

"ಅಳಿಯಂದ್ರ, ನಾ ಹಾಸಿಕೊಂಡು ಕೂತ ಧಾಬಳಿ ಎದರದು?"

"ಉಣ್ಣೀದು, ಅತ್ತಿಯವರ."

"ಉಣ್ಣಿ ಯಾರದು?"

ವಿಜ್ಞಾನದ ಮಾಸ್ತರ ನಾನು. ತಂಬಿಗಿ ಎತ್ತಿ ನೀರು ಕುಡೀಲಿಕ್ಕೆ ಹತ್ತಿದೆ. ಅಂಗಳದಾಗ ಚಾ ಕುಡೀಲಿಕತ್ತಿದ್ದ ಗುಲಾಮ್ ರಸೂಲ್ ಅಲ್ಲಿಂದನ ಹೇಳಿದ:

"ಕುರೀದು ರೀ, ಸರ್."