ಜಾಝ್ ಬ್ಯಾಂಡಿನಲ್ಲಿ ನನ್ನ ಒಂದು ಸಂಜೆ

ಶಹಾಬಾದಿನ ಮದುವೆಗಳಲ್ಲಿ ಹನ್ನೆರಡು ವರ್ಷ ಡ್ರಮ್ ಬಾರಿಸಿ ಪಳಗಿದ ಕೈ ನನ್ನದು. ಹಾಗಾಗಿ ವಾಡಿಯ ರೈಲ್ವೆ ಗಾರ್ಡ್ ಪೀಟರ್ ಸಾಹೇಬರು ಮನೆಗೇ ಬಂದು, "ಮಲ್ಲಣ್ಣ, ನಮ್ಮ ಜಾಝ್ ಬ್ಯಾಂಡಿನ ಡ್ರಮ್ಮರ್‌ಗೆ ಜ್ವರ ಬಂದದ. ಶನಿವಾರ ಸಂಜಿಗಿ ಕ್ಲಬ್ಬಿನ ಡಾನ್ಸಿಗಿ ನೀ ಬಾ. ಚಲೋ ಬಾರಿಸಿದ್ರ ಖಾಯಂ ನೀನೇ!" ಎಂದಾಗ ನನಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಬಂದರಲ್ಲ ಎನಿಸಿತು, ಅಷ್ಟೇ!

ಖಾಯಂ! ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ ಕೂತು ಬಾರಿಸುವುದು! ಬಿಸಿಲಲ್ಲಿ ಮದುಮಗನ ಕುದುರೆಯ ಮುಂದೆ ನಡೆದೂ ನಡೆದೂ ನನ್ನ ಹಿಮ್ಮಡಿಗಳು ಒಡೆದುಹೋಗಿದ್ದವು. ಹೆಂಡತಿ ನಾಗವ್ವ ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ಉಡಿಯಲ್ಲಿ ಚುರುಮುರಿ ತುಂಬಿಕೊಂಡು ಹೊರಟೇಬಿಟ್ಟಳು. "ನೀವು ಕುಂತು ಬಾರಿಸೋದು ನಾ ನೋಡಬೇಕ್ರೀ!"

ವಾಡಿಯ ಕ್ಲಬ್ಬಿನಲ್ಲಿ ಪೀಟರ್ ಸಾಹೇಬರು ನನ್ನ ಕೈಗೆ ತಂತಿಯ ಎರಡು ಬ್ರಷ್ ಕೊಟ್ಟರು. ನಾನು ಶ್ರದ್ಧೆಯಿಂದ ಡ್ರಮ್ಮಿನ ಧೂಳು ಝಾಡಿಸಿ ಅವನ್ನು ತಿರುಗಿ ಕೊಟ್ಟೆ.

"ಏ ಮಾರಾಯ, ಅದರಿಂದಾನೇ ಬಾರಿಸಬೇಕು! ಮೆಲ್ಲಕ. ನನ್ನ ಟ್ರಂಪೆಟ್ ಮುಂದ, ನೀ ಹಿಂದ. ನಾ ಕೈ ಎತ್ತಿದ್ರ..."

"ಹನ್ನೆರಡು ವರ್ಷದಿಂದ ಕೈ ನೋಡಾಕತ್ತೀನ್ರಿ. ನೀವೇನೂ ಫಿಕರ್ ಮಾಡಬ್ಯಾಡ್ರಿ!"

ಮೊದಲ ಹಾಡು ಸಲೀಸಾಗಿ ಮುಗಿಯಿತು. ಎರಡನೆಯದಕ್ಕೆ ರೈಲ್ವೆಯ ಬಿಳಿ ಮೀಸೆಯ ದೊಡ್ಡ ಸಾಹೇಬರೊಬ್ಬರು ಪೀಟರ್ ಸಾಹೇಬರ ಹೆಂಡತಿಯ ಕೈ ಹಿಡಿದು ನಿಧಾನವಾಗಿ ಕುಣಿಯತೊಡಗಿದರು. ಆಗ ಪೀಟರ್ ಸಾಹೇಬರು ಕೈ ಎತ್ತಿದರು. ಮೆಲ್ಲಗೆ ಮುಗಿಸು ಎಂದು ಅದರ ಅರ್ಥವಂತೆ!

ನಮ್ಮ ಕಡೆ ಮಂಗಳಾಷ್ಟಕ ಮುಗಿದು ಭಟ್ಟರು ಕೈ ಎತ್ತಿದರೆ ಅರ್ಥ ಒಂದೇ. ಅಕ್ಷತೆ ಬೀಳಬೇಕು, ಡ್ರಮ್ ಆಕಾಶ ಹರಿಯಬೇಕು! ಬ್ರಷ್ ಎಸೆದೆ, ಸೊಂಟದಲ್ಲಿದ್ದ ಕೋಲು ಕಿತ್ತೆ, ಧಡಧಡ ಧಡಧಡ ಬಾರಿಸಿದೆ. ಆ ಸದ್ದಿಗೆ ನಾಗವ್ವನ ಪಡೆ ರೂಢಿಯಂತೆ ಎದ್ದು ನಿಂತು, ಕುಣಿಯುತ್ತಿದ್ದ ಜೋಡಿಯ ಮೇಲೆ ಚುರುಮುರಿ ಎರಚಿತು. ಒಬ್ಬಾಕೆಯಂತೂ ನೆಟಿಗೆ ಮುರಿದು ದೃಷ್ಟಿಯನ್ನೂ ತೆಗೆದಳು!

"ಮಲ್ಲಣ್ಣಾ! ನನ್ನ ಹೆಂಡ್ತೀನ ನಮ್ಮ ಸಾಹೇಬ್ರಿಗಿ ಕೊಟ್ಟು ಲಗ್ನ ಮಾಡಿಬಿಟ್ಟೆಲ್ಲೋ!"

ನನ್ನ ಜಾಝ್ ವೃತ್ತಿಜೀವನ ಒಂದೂವರೆ ಹಾಡಿಗೆ ಸಮಾಪ್ತವಾಯಿತು. ಊರಿಗೆ ಮರಳುವ ರೈಲಿನಲ್ಲಿ ನಾಗವ್ವ ನನ್ನ ಅಂಗಿಯ ಮೇಲಿನ ಚುರುಮುರಿ ಆರಿಸುತ್ತಾ, "ಹೋಗ್ಲಿ ಬಿಡ್ರಿ. ಕುಂತು ಭಾಳ ಚಂದ ಕಾಣಾಕತ್ತಿದ್ರಿ" ಎಂದಳು. ನನಗೆ ಅಳುವೇ ಬಂತು.

ಮುಂದಿನ ವಾರ ಭಂಕೂರಿನಲ್ಲಿ ಮದುವೆ. ಭಟ್ಟರು ಕೈ ಎತ್ತಿದರು. ನಾನು ಬಾರಿಸಲಿಲ್ಲ. ಯಾರ ಪಕ್ಕ ಯಾರ ಹೆಂಡತಿ ನಿಂತಿದ್ದಾಳೋ ಎಂದು ಮೊದಲು ಕಣ್ಣರಳಿಸಿ ನೋಡತೊಡಗಿದೆ! ಮುಹೂರ್ತ ಮೀರುತ್ತಿತ್ತು. ಕಡೆಗೆ ಮದುಮಗನ ಕುದುರೆ ಹಿಡಿದಿದ್ದವನೇ ನನ್ನ ಕೋಲು ಕಸಿದುಕೊಂಡು ಬಾರಿಸಿಬಿಟ್ಟ.

ಈಗ ಡ್ರಮ್ಮಿಗೆ ಅವನೇ ಖಾಯಂ. ಕುದುರೆ ಹಿಡಿಯುವವನು ನಾನು!