ಗೋಡೆ ಮೇಲಿನ ಕುರಿಗಳನ್ನು ಅಳಿಸದೆ ಇರುವ ಬಗ್ಗೆ

ಇಂದ,
ಪುಟ್ಟಗೌರಮ್ಮ ಕೋಂ ಬೀರಯ್ಯ,
ರಸ್ತೆ ಬದಿಯ ಮನೆ (ಕುರಿ ಗೋಡೆ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ),
ಬೀರನದೊಡ್ಡಿ, ಮಾಗಡಿ ತಾಲ್ಲೂಕು.

ಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ, ಬೀರನದೊಡ್ಡಿ.

ವಿಷಯ: ಗೋಡೆಯ ಮೇಲೆ ಬರೆದಿರುವ ಕುರಿಗಳನ್ನು ಅಳಿಸದೆ, ಬದಲಿಗೆ ತಮ್ಮ ಅಕ್ಷರಗಳನ್ನು ಅಳಿಸುವ ಬಗ್ಗೆ.

ಉಲ್ಲೇಖ: ೧) ತಮ್ಮ ಕಚೇರಿಯ ನೋಟೀಸು.
೨) ಸದರಿ ನೋಟೀಸು ತಂದ ವಾಟರ್‌ಮ್ಯಾನ್ ಗಂಗಯ್ಯನವರು ಬಾಯಲ್ಲಿ ಹೇಳಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರರಾದ ಪುಟ್ಟಗೌರಮ್ಮನವರ ಪರವಾಗಿ ಅವರ ಸೊಸೆ ವರಲಕ್ಷ್ಮಿ ಬರೆದು ಸಲ್ಲಿಸುತ್ತಿರುವ ಅರ್ಜಿ ಇದು. "ನಾನ್ ಹೇಳ್ದಂಗೆ ಬರಿ, ನಿಂದೇನೂ ಸೇರಿಸ್ಬ್ಯಾಡ" ಎಂದು ಅರ್ಜಿದಾರರು ಪಕ್ಕದಲ್ಲೇ ಕೂತಿರುವ ಕಾರಣ, ಸದರಿ ಚಿತ್ರಗಳ ಬಗ್ಗೆ ಸೊಸೆಯ ಸ್ವಂತ ಅಭಿಪ್ರಾಯವನ್ನು ಇಲ್ಲಿ ನಮೂದಿಸಿರುವುದಿಲ್ಲ.

೧. ಪುಟ್ಟಗೌರಮ್ಮನವರು ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಕುರಿ ಮೇಯಿಸಿದವರು. ಹೋದ ವರ್ಷ ಮಂಡಿ ನೋವು ಜಾಸ್ತಿಯಾಗಿ ಗುಡ್ಡ ಹತ್ತಲು ಆಗದೆ ಹೋಯಿತು. ಆದ ಕಾರಣ ಪತಿ ಬೀರಯ್ಯನವರು, ಅರ್ಜಿದಾರರನ್ನು ಒಂದು ಮಾತೂ ಕೇಳದೆ, ಇಡೀ ಹಿಂಡನ್ನು ಮಾರಿ ಟೆಂಪೋ ಹತ್ತಿಸಿದರು. ಅರ್ಜಿದಾರರು ಆ ದಿನ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಬೀರಯ್ಯನವರು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಕೋಲು ಹಿಡಿದು ಹೊರಗೆ ಬಂದ ಅರ್ಜಿದಾರರು, ಖಾಲಿ ಕೊಟ್ಟಿಗೆ ನೋಡಿ, ಜಗಲಿ ಮೇಲೆ ಕೂತರು. ಹೆಚ್ಚುಕಡಿಮೆ ಯುಗಾದಿಯವರೆಗೂ ಅಲ್ಲೇ ಕೂತಿದ್ದರು.

೨. ಯುಗಾದಿಗೆ ಬಾಗಿಲಿಗೆ ಹೊಡೆದ ಕಂದು ಬಣ್ಣ ಡಬ್ಬಿಯಲ್ಲಿ ಒಸಿ ಮಿಕ್ಕಿತ್ತು. ಅರ್ಜಿದಾರರು ಬೇವಿನ ಕಡ್ಡಿಯ ತುದಿ ಜಜ್ಜಿ ಬ್ರಷ್ ಮಾಡಿಕೊಂಡು, ಕೊಟ್ಟಿಗೆಯ ಉದ್ದ ಗೋಡೆಯ ಮೇಲೆ, ರಸ್ತೆಗೆ ಕಾಣುವಂತೆ, ಒಂದು ಕುರಿ ಬರೆದರು.

ಸದರಿ ಗೋಡೆ ಹಾಲಿನ ಡೈರಿಗೆ ಹೋಗುವ ದಾರಿಯಲ್ಲಿರುವುದರಿಂದ, ಹಾಲು ಹಾಕಲು ಹೋಗುವವರೆಲ್ಲ ನಿಂತು ಅಭಿಪ್ರಾಯ ಕೊಟ್ಟು ಹೋಗತೊಡಗಿದರು. ಅಭಿಪ್ರಾಯ ಕೇಳಿ ಅರ್ಜಿದಾರರು ಯಾವ ಪ್ರಕಟಣೆಯನ್ನೂ ಹೊರಡಿಸಿರಲಿಲ್ಲ. ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನವರು ಹಾಲಿನ ಕ್ಯಾನು ಕೆಳಗಿಟ್ಟು, "ನಾಯಿ ಶ್ಯಾನೆ ಚೆಂದಾಗಿ ಬಂದೈತೆ ಕಣಕ್ಕ, ನಮ್ಮನೇದೇ ಇದ್ದಂಗೈತೆ" ಎಂದರು. ಇನ್ನೊಬ್ಬರು ಕಾಲು ಐದಾಗಿವೆ ಎಂದರು. ಐದನೆಯದು ಬಾಲ ಎಂದು ವಿವರಿಸುವಷ್ಟರಲ್ಲಿ ಅವರು ಡೈರಿ ತಲುಪಿದ್ದರು. ಬೀರಯ್ಯನವರು ಮಾತ್ರ ಸೊಂಟಕ್ಕೆ ಕೈ ಕೊಟ್ಟು ಬಹಳ ಹೊತ್ತು ನೋಡಿ, "ನಾನು ಟೆಂಪೋದಾಗೆ ಕಳ್ಸುದ್ರೆ ನೀನು ಗ್ವಾಡೆ ಮ್ಯಾಲೆ ಹೊಡ್ಕಂಡು ಬಂದ್ಬುಟ್ಟಾ? ಅದೂ ನಾಯಿ ಥರ ಐತೆ" ಎಂದರು.

ಅರ್ಜಿದಾರರು ಇನ್ನೊಂದು ಕುರಿ ಬರೆದರು. ಅಭಿಪ್ರಾಯ ಬಂದಷ್ಟೂ ಕುರಿ ಹೆಚ್ಚಾದವು. ಕಾರಣ, ಸದರಿ ಹಿಂಡು ಈ ಮಟ್ಟಕ್ಕೆ ಬೆಳೆಯಲು ಸಾರ್ವಜನಿಕರೂ ಭಾಗಶಃ ಹೊಣೆಗಾರರೆಂದು ತಮ್ಮ ಗಮನಕ್ಕೆ ತರಲಾಗಿದೆ.

೩. ಹೀಗಿರುವಾಗ ರಸ್ತೆ ಬದಿಯ ಗೋಡೆಗಳ ಮೇಲೆ "ಇಲ್ಲಿ ಕಸ ಎಸೆಯಬಾರದು" ಎಂದು ಬರೆಸಲು ತಮ್ಮ ಕಚೇರಿ ತೀರ್ಮಾನಿಸಿತು. ಮಾಗಡಿಯ ಬೋರ್ಡು ಬರೆಯುವ ಶರೀಫ್ ಸಾಹೇಬರು ಏಣಿ ಕಟ್ಟಿಕೊಂಡು ಬಂದರು. ಅರ್ಜಿದಾರರು ಅಂದು ತಂಗಿ ಮೊಮ್ಮಗುವಿನ ನಾಮಕರಣಕ್ಕೆಂದು ಕನಕಪುರಕ್ಕೆ ಹೋಗಿದ್ದರು.

"ಅತ್ತೆ ಬರೋಗಂಟ ತಡೀರಿ ಸಾಬ್ರೆ" ಎಂದು ಸೊಸೆ ಕೇಳಿಕೊಂಡಳು.

"ತಡೆಯಂಗಿಲ್ಲ ಕಣಮ್ಮಾ, ಸಂಜೆಗೆ ಮುಗಿಸ್ಬೇಕು. ಗ್ವಾಡೆಗೆಲ್ಲಾ ಸುಣ್ಣ ಬಳ್ದು ಬರಿ ಅಂತ ಹೇಳವ್ರೆ" ಎಂದು ಅವರು ಸುಣ್ಣ ಕಲೆಸಿದರು. ಕಲೆಸಿ, ಗೋಡೆ ನೋಡುತ್ತಾ ನಿಂತರು. ಸುಣ್ಣ ಬಕೆಟ್ಟಿನ ತಳಕ್ಕೆ ಇಳಿಯುವವರೆಗೂ ನಿಂತರು. ಸೊಸೆ ಕೊಟ್ಟ ಟೀ ಆರಿಹೋಯಿತು. ಕೊನೆಗೆ ಸುಣ್ಣದ ಬ್ರಷ್ಷನ್ನು ಪಕ್ಕಕ್ಕಿಟ್ಟು, ಒಂದು ಕುರಿಗೂ ಇನ್ನೊಂದು ಕುರಿಗೂ ನಡುವೆ ಇದ್ದ ಸಂದಿಯಲ್ಲಿ ಒಂದೊಂದೇ ಅಕ್ಷರ ಕೂರಿಸುತ್ತಾ ಹೋದರು.

೪. ಕೊನೆಯ ಅಕ್ಷರಕ್ಕೆ ಬರುವಾಗ ಅರ್ಜಿದಾರರು ಬಸ್ಸಿಳಿದರು. ಅಲ್ಲಿ ನಡೆದ ಮಾತುಕತೆ ಈ ಕೆಳಕಂಡಂತಿದೆ.

"ಯಾರಪ್ಪಾ ನೀನು? ಯಾರ್ನ ಕೇಳಿ ನನ್ ಕುರಿ ಮಧ್ಯಕ್ ಬಂದೆ?"

"ಪಂಚಾಯ್ತಿಯೋರು ಕಳ್ಸುದ್ರು ಅಮ್ಮಾ. ಇವೆಲ್ಲಾ ಬರ್ದಿದ್ದು ನೀವಾ?"

"ಊಂ. ನಾಯಿ ಅನ್ಬೇಕಾ? ಅಂದ್ಬುಡು. ಊರ್ನಾಗೆ ನೀನೊಬ್ಬ ಬಾಕಿ."

ಶರೀಫ್ ಸಾಹೇಬರು ಏಣಿಯಿಂದ ಇಳಿದರು. "ಇದ್ದಿದ್ದು ಹೇಳ್ಲಾ? ಈ ಕಡೇವೆಲ್ಲಾ ಕುರಿ ಥರ ಅವೆ. ಇದೊಂದು ಮಾತ್ರ ಕುರಿ. ಕತ್ತು ತಿರುಗಿಸಿ ನೋಡ್ತಾ ಐತಲ್ಲ, ಇದು. ಇದ್ರ ಮ್ಯಾಲೆ ಬಣ್ಣ ಹಾಕಕ್ಕೆ ಕೈ ಬರ್ಲಿಲ್ಲ ಕಣಮ್ಮಾ. ಅಕ್ಷರನೇ ಬುಟ್ಬುಟ್ಟೆ."

ಅರ್ಜಿದಾರರು ಚೀಲ ಹಿಡಿದುಕೊಂಡೇ ರಸ್ತೆ ಅಂಚಿನಲ್ಲಿ ಕೂತರು.

"ಅದು ಕೆಂಚಿ" ಎಂದರು. "ಟೆಂಪೋ ಹತ್ತೋವಾಗ ಅದೊಂದೇ ತಿರುಗಿ ನೋಡಿದ್ದು."

ಹಿಂಡು ಹೋದ ದಿನ ಅಳದಿದ್ದವರು ಅಂದು ಅತ್ತರು. ಶರೀಫ್ ಸಾಹೇಬರು ಬ್ರಷ್ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರವೇ ಉಳಿದುಬಿಟ್ಟರು. ಅಷ್ಟು ಚೊಕ್ಕಟವಾಗಿ ತೊಳೆದ ಬ್ರಷ್ಷನ್ನು ಸೊಸೆ ಬೇರೆಲ್ಲೂ ಕಂಡಿರುವುದಿಲ್ಲ.

೫. ಇದರಿಂದಾಗಿ ಗೋಡೆಯ ಮೇಲೆ "ಇಲ್ಲಿ ಕಸ ಎಸೆಯಬ" ಎಂದು ಇದ್ದು, ಆಮೇಲೆ ದೀರ್ಘವೂ "ರ" ಅಕ್ಷರವೂ ಬರಬೇಕಾದಲ್ಲಿ ಕೆಂಚಿ ನಿಂತಿದ್ದು, ಅದರ ಬಾಲದ ಹಿಂದೆ "ದು" ಎಂದು ಇರುತ್ತದೆ. ತಮ್ಮ ಕಚೇರಿ ಇದನ್ನು "ಎಸೆಯಬಾರದು" ಎಂದು ಓದಿಕೊಳ್ಳುತ್ತದೆ. ಊರಿನವರು "ಎಸೆಯಬಹುದು" ಎಂದು ಓದಿಕೊಂಡರು. ಮೊದಲು ಬಂದವರು ಚಿಕ್ಕಲಕ್ಷ್ಮಮ್ಮನವರು. ಒಂದು ಮೊರ ಈರುಳ್ಳಿ ಸಿಪ್ಪೆ ಸುರಿದು, "ಗೌರ್ಮೆಂಟೇ ಬರ್ಸೈತಲ್ಲಕ್ಕಾ, ನಾವೇನ್ ಮಾಡಾನ" ಎಂದರು. ವಾರ ಕಳೆಯುವಷ್ಟರಲ್ಲಿ ಕುರಿಗಳ ಕಾಲು ಮುಚ್ಚುವಷ್ಟು ಕಸ ಬಿದ್ದಿತು. ಕಾಲು ಎಷ್ಟು ಎಂಬ ತಕರಾರು ಮಾತ್ರ ಆ ಮಟ್ಟಿಗೆ ನಿಂತಿತು.

೬. ಆಗ ಉಲ್ಲೇಖ (೧)ರ ನೋಟೀಸಿನೊಂದಿಗೆ ಗಂಗಯ್ಯನವರು ಸುಣ್ಣದ ಬಕೆಟ್ಟು ಹಿಡಿದು ಬಂದರು. ಅರ್ಜಿದಾರರು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಕೆಂಚಿಯ ಮುಂದೆ ಹಾಕಿಕೊಂಡು ಕೂತರು.

"ಒಂದೇ ಒಂದು ಅಳಿಸ್ತೀನಿ ಕಣಮ್ಮೋ, ಆ ಅಕ್ಷರದ ಜಾಗದಾಗೆ ಇರಾದು. ಮಿಕ್ಕವು ಇದ್ಕಳ್ಳಿ" ಎಂದು ಗಂಗಯ್ಯನವರು ಕೇಳಿಕೊಂಡರು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಅದೂ ಅಲ್ದೆ, ನೋಡುದ್ರೆ ಮೇಕೆ ಇದ್ದಂಗೈತೆ" ಎಂದೂ ಸೇರಿಸಿದರು. ಇದೇ ಉಲ್ಲೇಖ (೨)ರಲ್ಲಿ ಕಾಣಿಸಿದ ಮಾತು. ಇದಕ್ಕೆ ಅರ್ಜಿದಾರರು ಕೊಟ್ಟ ಉತ್ತರವನ್ನು ಸರ್ಕಾರಿ ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಅಷ್ಟರಲ್ಲಿ ಹೊಲದಿಂದ ಬೀರಯ್ಯನವರು ಬಂದರು. ಅವರು "ಅಳಿಸ್ಲಾ ಅತ್ಲಾಗೆ" ಎನ್ನುತ್ತಾರೆಂದೇ ಸೇರಿದ್ದವರೆಲ್ಲ ತಿಳಿದಿದ್ದರು. ಸೊಸೆಯೂ ಹಾಗೇ ತಿಳಿದಿದ್ದಳು. ಬೀರಯ್ಯನವರು ಗಂಗಯ್ಯನವರ ಕೈಯಿಂದ ಬಕೆಟ್ಟು ತೆಗೆದುಕೊಂಡು, ಸುಣ್ಣವನ್ನು ಬೇಲಿ ಬುಡಕ್ಕೆ ಸುರಿದರು.

"ಲೇ ಗಂಗಯ್ಯ, ಒಂದ್ಸಲ ಇವಳ್ನ ಕೇಳ್ದೆ ಕಳ್ಸ್‌ಬುಟ್ಟಿವ್ನಿ ಕಣ್ಲಾ. ಇನ್ನೊಂದ್ಸಲ ಆಗಕಿಲ್ಲ."

ಅರ್ಜಿದಾರರು ಎದ್ದು ನಿಂತು, ತಾವು ಕೂತಿದ್ದ ಕುರ್ಚಿಯನ್ನು ಪತಿಯ ಕಡೆಗೆ ತಳ್ಳಿ, ಟೀ ಕಾಯಿಸಲು ಒಳಗೆ ಹೋದರು.

"ಮತ್ತೆ ನಾಯಿ ಅಂತಿದ್ರಲ್ಲಾ ಮಾವ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

"ಈಗ್ಲೂ ನಾಯಿ ಥರನೇ ಅವೆ" ಎಂದರು ಬೀರಯ್ಯನವರು, ಒಳಗೆ ಕೇಳದಂತೆ. "ಆದ್ರೆ ನಮ್ಮವು."

೭. ಅಂದಿನಿಂದ ಬೀರಯ್ಯನವರು ದಿನಾ ಬೆಳಿಗ್ಗೆ ಕಸವನ್ನೆಲ್ಲ ಗುಡಿಸಿ, ಕೋಲು ಹಿಡಿದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದಾರೆ. ಚಿಕ್ಕಲಕ್ಷ್ಮಮ್ಮನವರು ಸಿಪ್ಪೆಯ ಮೊರ ಹಿಡಿದು ಬಂದು, ಅವರನ್ನು ಕಂಡು, ಬರಿದೆ ಮಾತಾಡಿಸಲು ಬಂದವರಂತೆ ಮಾತಾಡಿಸಿ, ಮೊರದ ಸಮೇತ ವಾಪಸ್ಸು ಹೋಗಿದ್ದಾರೆ. ಬೇರೆ ಯಾರೂ ಅತ್ತ ಸುಳಿದಿಲ್ಲ. ತಮ್ಮ ಕಚೇರಿಯ ಅಕ್ಷರಗಳಿಂದ ಆಗದ ಕೆಲಸ ಬೀರಯ್ಯನವರ ಮುಖದಿಂದ ಆಗಿರುವುದು ಇದರಿಂದ ಸಾಬೀತಾಗಿದೆ. ಆದರೆ ರಾಗಿ ಕುಯ್ಲು ಹತ್ತಿರ ಬಂದಿರುವುದರಿಂದ ಅವರು ದಿನವಿಡೀ ಅಲ್ಲಿ ಕೂರಲು ಆಗುವುದಿಲ್ಲ.

ಆದ್ದರಿಂದ ತಾವು ದಯಮಾಡಿ,

ಅ) ಕೆಂಚಿ ಸೇರಿದಂತೆ ಸದರಿ ಗೋಡೆಯ ಯಾವ ಕುರಿಯನ್ನೂ ಅಳಿಸಬಾರದೆಂದು ಆದೇಶಿಸಬೇಕು. ಇಲ್ಲಿ "ಅಳಿಸಬಾರದು" ಎಂಬ ಪದವನ್ನು ಪೂರ್ತಿಯಾಗಿ ಬರೆಯಬೇಕು.

ಆ) ಅವು ಕುರಿಯೋ, ಮೇಕೆಯೋ, ನಾಯಿಯೋ ಎಂಬ ಬಗ್ಗೆ ಕಚೇರಿಯ ಸಿಬ್ಬಂದಿ ಕರ್ತವ್ಯದ ವೇಳೆಯಲ್ಲಿ ಅಭಿಪ್ರಾಯ ಕೊಡದಂತೆ ಸೂಚಿಸಬೇಕು.

ಇ) ಅಕ್ಷರಗಳಿಗೆ ಸುಣ್ಣ ಬಳಿದು, ಆ ಸಂದಿಗಳನ್ನೆಲ್ಲ ಸೇರಿಸಿ, ಕುರಿಗಳ ಮಧ್ಯೆ ಕೋಲು ಹಿಡಿದು ನಿಂತಿರುವ ಬೀರಯ್ಯನವರನ್ನು ಬರೆಯಲು ಅರ್ಜಿದಾರರಿಗೆ ಅನುಮತಿ ಕೊಡಬೇಕು. ಮುಖ ಬರೆದು ಅಭ್ಯಾಸವಿಲ್ಲದ ಕಾರಣ ಅಂದು ಶರೀಫ್ ಸಾಹೇಬರು ಪಕ್ಕದಲ್ಲಿರಲು ಒಪ್ಪಿರುತ್ತಾರೆ. ಮೂಗು ಮಾತ್ರ ತಾವೇ ಬರೆಯುವುದಾಗಿ ಅರ್ಜಿದಾರರು ಹಠ ಹಿಡಿದಿದ್ದಾರೆ.

ಇಂತಿ,
ಸದ್ಯಕ್ಕೆ ತಮ್ಮ ಮೇಲೆ ವಿಶ್ವಾಸ ಇಟ್ಟಿರುವ,
(ಸಹಿ) ಪುಟ್ಟಗೌರಮ್ಮ
ಬಿಕ್ಕಲಂ (ಅರ್ಜಿ ಬರೆದವರು): ವರಲಕ್ಷ್ಮಿ, ಸೊಸೆ

ಲಗತ್ತುಗಳು:
೧. ಗೋಡೆಯ ಫೋಟೋ (ಚಿಕ್ಕಲಕ್ಷ್ಮಮ್ಮನವರ ನಾಯಿ ಅಡ್ಡ ಬಂದಿದ್ದು, ಅದನ್ನು ಚಿತ್ರವೆಂದು ಪರಿಗಣಿಸಬಾರದು).
೨. ಪಂಚಾಯಿತಿಗೆ ಸೇರಿದ ಸುಣ್ಣದ ಬಕೆಟ್ಟು, ಖಾಲಿ.

ವಿಶೇಷ ಸೂಚನೆ: ಅನುಮತಿ ಇನ್ನೂ ಸಿಕ್ಕಿಲ್ಲವೆಂದು ಎಷ್ಟು ಹೇಳಿದರೂ ಕೇಳದೆ, ಬೀರಯ್ಯನವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮೀಸೆ ತೀಡಿಕೊಂಡು, ಬೆಳಿಗ್ಗೆಯಿಂದ ಗೋಡೆಗೆ ಒರಗಿ ಅಲುಗಾಡದೆ ನಿಂತಿರುತ್ತಾರೆ. ಊಟಕ್ಕೆ ಕರೆದರೂ ಬರುತ್ತಿಲ್ಲ. ಕಾರಣ, ಈ ಅರ್ಜಿಯನ್ನು ಮಧ್ಯಾಹ್ನದೊಳಗೆ ಇತ್ಯರ್ಥಪಡಿಸಬೇಕಾಗಿ ಕೋರಿದೆ.